ತೆರೆದಿದ್ದ ಗೇಟು

ಕೊರೊನಾ ಕಾಲವೆಂದು ಗಾಳಿಗಾಗಿ ತೆರೆದಿಟ್ಟಿರುವ ಜಪಾನಿನ ಒಕಾಜಾಕಿಯ ನಮ್ಮ ಲ್ಯಾಬಿನ ಬಾಗಿಲನ್ನು ಮುಚ್ಚಲು ಕೈ ಹೋದಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಒಂದು ಗೇಟು ನೆನಪಾಗುತ್ತದೆ.

ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಅಲ್ಲಿನ ಒಳನಾಡಿನ ಹಳ್ಳಿಯೊಂದರಲ್ಲಿ ಪಶುವೈದ್ಯನ ಕೆಲಸ ಸಿಕ್ಕಿತ್ತು. ನಾವು ಹೋದ ಹೊಸತು. ಸುಡುಬಿಸಿಲಿನ ಮಧ್ಯಾಹ್ನ ನೆರೆಯ ಟೆಡ್ ತಾತನ ಜಮೀನು ದಾಟುತ್ತಿದ್ದೆವು. "ಯಾರೋ ಮರೆತು ಹೋಗಿದ್ದಾರೆ" ಎಂದು ಅಮ್ಮ ಕಾರಿನಿಂದಿಳಿದು ತೆರೆದಿದ್ದ ಗೇಟು ಮುಚ್ಚಿ, ಕಾದ ಸರಪಳಿಯನ್ನು ಸೆರಗಿನಲ್ಲಿ ಹಿಡಿದು ಬಿಗಿದಳು.

ಸ್ವಲ್ಪ ಹೊತ್ತಿಗೆ ತಾತ ನಮ್ಮ ಮನೆಗೆ ಬಂದರು. "ಕುರಿಗಳು ಗೇಟಿನ ಆಚೆ ಸಿಕ್ಕಿಕೊಂಡಿದ್ದವು. ನೀರಿನ ತೊಟ್ಟಿ ಈಚೆಗಿದೆ. ಇಲ್ಲಿ ಗೇಟು ಹೇಗಿತ್ತೋ ಹಾಗೇ ಬಿಡಬೇಕು."

ಅಮ್ಮನ ಮುಖ ಬಿಳಿಚಿತು. "ಎಷ್ಟು ಸತ್ತವು?"

"ಒಂದೂ ಇಲ್ಲ. ಡಾಕ್ಟರಿಗೆ ಕೆಲಸ ಹುಡುಕಿ ಕೊಡುತ್ತಿದ್ದೀರೇನೋ ಅಂದುಕೊಂಡೆ."

ಅವರು ಬಂದಾಗ ನಮ್ಮ ಗೇಟು ತೆರೆದಿತ್ತು. ಹೋಗುವಾಗಲೂ ತೆರೆದೇ ಬಿಟ್ಟರು. ಮುಚ್ಚಲು ಎದ್ದ ಅಮ್ಮ ಬಾಗಿಲಲ್ಲೇ ನಿಂತಳು.