ಷಣ್ಮುಖಪ್ಪನವರ ಹಿಟ್ ಹಾಡುಗಳು

ರ್‍ಯಾಪ್ ಹಾಡು ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಗಿ ಬಾಕ್ಸು ನಿಂತಿತು. ಷಣ್ಮುಖಪ್ಪನವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರ ಕೈಗಳೂ ಅಲ್ಲೇ ನಿಂತವು. ಬಾಕ್ಸಿಗೆ ಹಾಡು ಕೊಡುತ್ತಿದ್ದ ಫೋನಿನ ನೆಟ್‌ವರ್ಕು ಯಾವಾಗಲೂ ಕರೆಂಟಿನ ಬಾಲ ಹಿಡಿದೇ ಹೋಗುವಂಥದ್ದು. ಅದೂ ಹೋಗಿತ್ತು.

"ಹಿಟ್ಟು ತಡ ಆದ್ರೂ ನಮ್ಮ ಕೈ ಓಡ್ತದೆ ಯಜಮಾನ್ರೆ, ಹಿಟ್ ಹಾಡು ನಿಂತ್ರೆ ಓಡಕ್ಕಿಲ್ಲ," ಎನ್ನುತ್ತಾ ಗುಂಪಿನ ಮುಂದಾಳು ದೊಡ್ಡತಾಯಮ್ಮ ಸೆರಗು ಕೊಡವಿ ಎದ್ದಳು. "ಕೆರೆ ಆಚೆ ಸಿದ್ದರಾಜು ಬ್ಯಾರನ್ಗೆ ಕರೀತಾವ್ನೆ. ಅವ್ನ ಟ್ರ್ಯಾಕ್ಟರ್ ಬಾಕ್ಸು ಬ್ಯಾಟ್ರಿ ಮ್ಯಾಲೆ ಆಡ್ತದೆ. ನಾವು ಬತ್ತೀವಿ."

ಷಣ್ಮುಖಪ್ಪನವರ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಬೆಳಿಗ್ಗೆ ಮುರಿದ ಸೊಪ್ಪು ಗುಡ್ಡೆ ಬಿದ್ದಿತ್ತು. ಹೊತ್ತು ಮುಳುಗುವುದರೊಳಗೆ ಅದು ಬ್ಯಾರನ್ ಏರದಿದ್ದರೆ ಗುಡ್ಡೆಯಲ್ಲೇ ಬೆಂದು ಕಪ್ಪಾಗುತ್ತದೆ. ಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣದ ಸುತ್ತ ಕಟ್ಟುವ ಗುಂಪು ಸಿಗುವುದು, ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವಷ್ಟೇ ಕಷ್ಟ. ಒಮ್ಮೆ ಎದ್ದು ಹೋದರೆ ಮತ್ತೆ ಬರುವ ಸಂಬಂಧವಲ್ಲ.

"ಕೂತ್ಕೊ ತಾಯಮ್ಮ. ಹಾಡು ತಾನೆ ಬೇಕಾಗಿರೋದು? ನಾನೇ ಹೇಳ್ತೀನಿ," ಎಂದವರೇ ಕಣ್ಣು ಮುಚ್ಚಿ ಭಜನೆಯೊಂದನ್ನು ಎತ್ತಿಕೊಂಡರು. ಮೊದಲ ಚರಣಕ್ಕೆ ಇಬ್ಬರು ಆಕಳಿಸಿದರು. ಎರಡನೆಯದಕ್ಕೆ ಒಬ್ಬಳು ಸೊಪ್ಪಿನ ಗುಡ್ಡೆಗೇ ಒರಗಿದಳು.

"ಇದು ಸತ್ತೋರ ಮನೆಗಾಯ್ತದೆ ಬುಡಿ," ಎಂದಳು ದೊಡ್ಡತಾಯಮ್ಮ. "ಹೋದ ವರ್ಸದ ಬ್ಯಾರನ್ನಿಂದ ಈ ವರ್ಸದ ಬ್ಯಾರನ್‌ಗಂಟ ಏನೇನು ಹಿಟ್ಟಾಯ್ತೋ, ನಮ್ಗೆ ಅವು ಬೇಕು. ಗಾರೆ ಮಿಸಿನ್ ಸದ್ದು ಅಂತ ನೀವು ದಿನಾ ಬೈತಿದ್ರಲ್ಲ, ಅವೇ."

ಷಣ್ಮುಖಪ್ಪನವರು ಹೆಂಡತಿಯ ಮುಖ ನೋಡಿದರು. ನೀರು ಕೊಡಲು ಬಂದಿದ್ದ ಸುಂದ್ರಮ್ಮ ಖಾಲಿಯಾದ ಪ್ಲಾಸ್ಟಿಕ್ ಬಿಂದಿಗೆಯನ್ನು ಕೆಳಗಿಟ್ಟು, "ಹೇಳಿ ಅತ್ಲಾಗೆ. ಸೊಪ್ಪು ಹೋಗೋದ್ಕಿಂತ ಮಾನ ಹೋದ್ರೆ ವಾಸಿ," ಎಂದರು.

ಹಾಡು ಎಲ್ಲಿ ಕಡಿದಿತ್ತೋ ಅಲ್ಲಿಂದಲೇ ಶುರು. ಸಂಕ್ರಾಂತಿಯಿಂದ ಊರೂರು ಎಬ್ಬಿಸಿದ್ದ ಆ ರ್‍ಯಾಪಿನ ಮೊದಲ ಸಾಲು ಎಲ್ಲರಿಗೂ ಗೊತ್ತು. ಮಿಕ್ಕಿದ್ದು ಬರೆದವನಿಗಾದರೂ ಗೊತ್ತೋ ಇಲ್ಲವೋ. ಷಣ್ಮುಖಪ್ಪನವರು ಬುಲೆಟ್ ಗಾಡಿಯ ಡುಗುಡುಗು ಬಾಯಲ್ಲೇ ಹೊರಡಿಸಿ, ಮುಂದೆ ದಾರಿ ಕಾಣದೆ ಬಸ್ ಕಂಡಕ್ಟರ್ ಆಗಿಬಿಟ್ಟರು. "ಹುಣ್ಸೂರ್ ಹುಣ್ಸೂರ್, ಕಂಪ್ಲಾಪುರ, ಪಿರಿಯಾಪಟ್ನ, ಬೈಲ್‌ಕುಪ್ಪೆ, ಒಳಕ್ಕೋಗಿ ಒಳಕ್ಕೋಗಿ, ಚಿಲ್ರೆ ಕೊಡಿ ಚಿಲ್ರೆ ಕೊಡಿ." ತಾಳಕ್ಕೆ ಹೊಂದಿತು. ಹೊಂದಿದ್ದಷ್ಟೇ ಅಲ್ಲ, ಮೊದಲ ಸಲ ಅರ್ಥವೂ ಆಯಿತು. ಕೈಗಳು ಓಡಿದವು.

ಆಮೇಲೆ ಯುಗಾದಿಗೆ ಬಂದಿದ್ದ, ಹುಡುಗಿ ಕೈಕೊಟ್ಟವನ ಹಾಡು. ಬರೀ ಬೇವು, ಬೆಲ್ಲದ ಚೂರೂ ಇಲ್ಲ. ಗಾಯಕನ ದನಿಯನ್ನು ಕಂಪ್ಯೂಟರಿನಲ್ಲಿ ಅದ್ದಿ ತೆಗೆದು ಬೋರ್‌ವೆಲ್ಲಿನೊಳಗಿಂದ ಕೇಳಿಸಿದಂತೆ ಮಾಡಿದ್ದರು. ಷಣ್ಮುಖಪ್ಪನವರು ಸುತ್ತ ಕಣ್ಣಾಡಿಸಿ, ಬಿಂದಿಗೆ ಎತ್ತಿ ಮುಖಕ್ಕೆ ಮುಚ್ಚಿಕೊಂಡು ಅದರೊಳಗೆ ಗೋಳೋ ಎಂದು ಹಾಡಿದರು.

"ಅಯ್ಯೋ ಅವ್ನೇ ಕಣವ್ವ," ಎಂದು ಒಬ್ಬಳು ಎದೆ ಮುಟ್ಟಿಕೊಂಡಳು.

ಬಿಂದಿಗೆ ಇಳಿಸಿದವರು ಈಗ ಏರುತ್ತಲೇ ಹೋದರು. ಕೆ.ಆರ್. ನಗರದ ಆರ್ಕೆಸ್ಟ್ರಾದಲ್ಲಿ ಕರೆಂಟು ಹೋಗಿ ಹಾಡು ನಿಂತರೂ ಒಬ್ಬ ಗಾಯಕನ ಬಾಯಿ ಮಾತ್ರ ಆಡುತ್ತಲೇ ಇತ್ತೆಂಬ ಸುದ್ದಿ ವರ್ಷವೆಲ್ಲ ಓಡಾಡಿತ್ತು. ಅದನ್ನೂ ಮಾಡಿ ತೋರಿಸಿದರು, ಸದ್ದಿಲ್ಲದೆ, ಮೀನಿನ ಹಾಗೆ. ಮದುವೆ ಮನೆಗಳಲ್ಲೆಲ್ಲ ಕುಣಿಸಿದ್ದ ಹಾಡಿಗೆ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಲ್ಲಿ ಕಾಗೆ ಓಡಿಸುವ ಹೆಜ್ಜೆ ಹಾಕಿದರು. ಪಂಚೆ ರಾಜೀನಾಮೆ ಕೊಡುವ ಹಂತಕ್ಕೆ ಬಂತು. ಸುಂದ್ರಮ್ಮ ಮುಖ ತಿರುಗಿಸಿಕೊಂಡರು. ಭುಜಗಳು ಮಾತ್ರ ಕುಲುಕುತ್ತಿದ್ದವು. ನಗುನಗುತ್ತಲೇ ಕಟ್ಟಿದ ಕಡ್ಡಿಗಳು ಒಂದರ ಹಿಂದೊಂದು ಬ್ಯಾರನ್ ಏರಿದವು.

"ಇಷ್ಟೆಲ್ಲಾ ಎಲ್ಲಿ ಕಲಿತ್ರಿ ಯಜಮಾನ್ರೆ?" ದೊಡ್ಡತಾಯಮ್ಮ ಕಣ್ಣೊರೆಸಿಕೊಂಡಳು.

"ಸಿದ್ದರಾಜು ಟ್ರ್ಯಾಕ್ಟರ್ ದಿನಾ ನಮ್ಮ ಬಾಗ್ಲ ಮುಂದೇನೇ ಹೋಗ್ತದಲ್ಲ. ಬಯ್ಯೋದು ಅಂದ್ರೆ ಸುಮ್ನೆನಾ? ಪೂರ್ತಿ ಕೇಳಿ ಬಯ್ಯಬೇಕು."

"ಅರ್ಧಕ್ಕೇ ಟ್ರ್ಯಾಕ್ಟರ್ ದಾಟೋದ್ರೆ, ವಾಪಸ್ ಬರೋಗಂಟ ಗೇಟ್ ಹತ್ರಾನೇ ನಿಂತಿರೋರು," ಎಂದರು ಸುಂದ್ರಮ್ಮ. "ಬಯ್ಯಕ್ಕೇಯ."

ಗುಡ್ಡೆಯಲ್ಲಿ ಇನ್ನು ಒಂದೆರಡು ಹಿಡಿ ಸೊಪ್ಪು ಉಳಿದಿತ್ತು. ಬೇಡಿಕೆಯ ಮೇರೆಗೆ ಷಣ್ಮುಖಪ್ಪನವರು ಮತ್ತೆ ಹುಣಸೂರು ಬಿಟ್ಟು ಬೈಲುಕುಪ್ಪೆಯತ್ತ ಹೊರಟಿದ್ದರು. ಅಷ್ಟರಲ್ಲಿ ಕರೆಂಟು ಬಂತು. ಬಾಕ್ಸು ತಾನು ನಿಂತಿದ್ದ ಜಾಗದಿಂದಲೇ ಅಬ್ಬರಿಸಿ ರ್‍ಯಾಪ್ ಹಾಡಿನ ಎರಡನೇ ಸಾಲು ಹಿಡಿಯಿತು. ಷಣ್ಮುಖಪ್ಪನವರು ತಟ್ಟನೆ ಬಾಯಿ ಮುಚ್ಚಿ, ಪಂಚೆ ಬಿಗಿದುಕೊಂಡು, ವಿಭೂತಿ ಸರಿಮಾಡಿಕೊಂಡು, ಮತ್ತೆ ಯಜಮಾನರಾದರು.

ಹೆಂಗಸರು ಒಂದು ಗಳಿಗೆ ಕಿವಿಗೊಟ್ಟರು. ದೊಡ್ಡತಾಯಮ್ಮ ಹುಬ್ಬು ಗಂಟಿಕ್ಕಿದಳು.

"ಯಾವನವ್ನು, ನಮ್ಮ ಯಜಮಾನ್ರ ಹಾಡ ಕೆಡಿಸ್ತಾ ಇರೋನು? ಆಫ್ ಮಾಡ್ರವ್ವ. ಕಂಪ್ಲಾಪುರಾನೇ ಬುಟ್ಟೋಗವ್ನೆ."