ಹುಟ್ಟಿದ ಹೊತ್ತಿಲ್ಲದ ವೀರರು

ಮುದುಕನಿಗೆ ಅರಳು ಮರಳು ಅಂತ ನಗುವವರು ಮೊದಲು ಬಾಯಿ ಮುಚ್ಚಿಕೊಂಡು ಕೇಳಿ. ಈ ಕೇರಿಯವರೆಲ್ಲರ ಹುಟ್ಟಿದ ದಿನ ನನ್ನ ನಾಲಗೆಯ ಮೇಲಿದೆ; ನಿಮಗೆ ನಿಮ್ಮ ಹೆಂಡತಿಯದೇ ನೆನಪಿರುವುದಿಲ್ಲ. ಕೊರಿಯಾದ ಬುಸಾನ್ ಬಂದರಿನ ಮೀನುಪೇಟೆಯ ಸಂದಿಯಲ್ಲಿ ಗುಡಾರ ಹಾಕಿಕೊಂಡು ಜಾತಕ ಹೇಳುವವನು ನಾನು, ಮರೆತರೆ ಹೊಟ್ಟೆಗೆ ಹಿಟ್ಟಿಲ್ಲ. ಆ ದಿನ ಗಾಳಿ ಗುಡಾರವನ್ನೇ ಕಿತ್ತುಕೊಂಡು ಹೋಗುವಂತೆ ಬಡಿಯುತ್ತಿತ್ತು. ಎದುರಿನ ಅಂಗಡಿಯಲ್ಲಿ ಕಿಂಬಾಪ್ ಅನ್ನುವ ಅನ್ನದ ಸುರುಳಿ ಸುತ್ತುವ ಯೂಚಾನನ ಅಮ್ಮ ಕೈಗಂಟಿದ ಅನ್ನವನ್ನೂ ತೊಳೆಯದೆ ಒಳಗೆ ನುಗ್ಗಿದಳು. ಕಂಕುಳಲ್ಲಿ ಚಿತ್ರಕಥೆ ಪುಸ್ತಕಗಳ ಕಟ್ಟು.

“ತಾತ, ಇವರನ್ನೆಲ್ಲ ಒಂದೊಂದು ಮನೆಗೆ ಸೇರಿಸಿಕೊಡಿ.”

“ಇಲ್ಲಿ ನನಗೇ ಕಾಲು ಚಾಚೋಕೆ ಜಾಗ ಇಲ್ಲ, ಇನ್ಯಾರನ್ನಮ್ಮ ಸೇರಿಸೋದು?”

ಅವಳು ಕೂತಳು, ಎದ್ದಳು, ಮತ್ತೆ ಕೂತಳು. ಹುಡುಗರು ಹುಚ್ಚೆದ್ದು ಓದುವ ಮಾಯಾಶಾಲೆಯ ಕಥೆಯೊಂದಿದೆಯಂತೆ. ಅಲ್ಲಿ ಮಕ್ಕಳನ್ನು ಸ್ವಭಾವ ನೋಡಿ ನಾಲ್ಕು ಮನೆಗಳಿಗೆ ಹಂಚುತ್ತಾರಂತೆ. ಮುನ್ನುಗ್ಗುವವರು ಸಿಡಿಲಿನ ಮನೆಗೆ, ಯೋಚಿಸುವವರು ಕನ್ನಡಿಯ ಮನೆಗೆ, ಪಟ್ಟು ಬಿಡದವರು ಬೇರಿನ ಮನೆಗೆ, ಅಡಗಿ ಕಾಯುವವರು ಮಂಜಿನ ಮನೆಗೆ. ಈಗ ಚಿತ್ರಕಥೆಯ ಮಹಾವೀರರಲ್ಲಿ ಯಾರು ಯಾವ ಮನೆಗೆ ಸಲ್ಲುತ್ತಾರೆ ಅಂತ ಹುಡುಗರೊಳಗೆ ಜಗಳ. ಅವಳ ಮಗ ಯೂಚಾನ್ ಹಗಲೆಲ್ಲ ಫೋನಿನಲ್ಲಿ ಗೆಳೆಯರ ಜೊತೆ ಇದನ್ನೇ ವಾದಿಸುತ್ತಾನೆ. ಇವಳು ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಾಳೆ.

“ನನಗೂ ಒಂದಿಷ್ಟು ಹೇಳಿಕೊಡಿ ತಾತ. ಎಲ್ಲರ ಹುಟ್ಟಿದ ದಿನಾನೂ ಪುಸ್ತಕದ ಹಿಂದೆ ಅಚ್ಚಾಗಿದೆ.”

“ದಿನ ಸರಿ. ಹೊತ್ತು ಎಲ್ಲಿ? ವರ್ಷ, ತಿಂಗಳು, ದಿನ, ಹೊತ್ತು, ನಾಲ್ಕೂ ಕಂಬ ಇದ್ದರೆ ಜಾತಕ.”

“ಹೊತ್ತು ಯಾವ ಪುಸ್ತಕದಲ್ಲೂ ಇಲ್ಲ.”

ಮೂರು ಕಂಬದ ಜಾತಕ ಕುಂಟುತ್ತದೆ. ಆದರೂ ಗಿರಾಕಿ ಬಂದಾಯಿತಲ್ಲ, ಹೇಳಿದೆ. ಉಕ್ಕಿನ ಕೊಕ್ಕರೆ ಅನ್ನುವ ವೀರ ಕನ್ನಡಿಯ ಮನೆಗೆ. ಗಾಳಿಯಕ್ಕ ಬೇರಿಗೆ. ಕೆಂಡಗಣ್ಣ ಅನ್ನುವವನ ಚಿತ್ರ ನೋಡಿದರೆ ಮುಂದೆ ಬೆಂಕಿ, ಹಿಂದೆ ಬೆಂಕಿ. ಹುಟ್ಟಿದ ದಿನದ ಲೆಕ್ಕ ಹಾಕಿದರೆ ನೀರಿನ ಮೇಲೆ ನೀರು. “ಇವನು ಮಂಜಿನ ಮನೆ,” ಅಂದೆ. ಅವಳು ಪಾಠ ಒಪ್ಪಿಸುವ ಮಗುವಿನಂತೆ ಎಲ್ಲವನ್ನೂ ಬಾಯಲ್ಲೇ ಮೆಲುಕು ಹಾಕಿದಳು.

ಪುಸ್ತಕಗಳು ಮುಗಿದವು. ಅವಳು ಏಳಲಿಲ್ಲ. ಏಪ್ರನ್ ಅಂಚನ್ನು ಹಿಂಡುತ್ತಾ, ಯಾವ ಪುಸ್ತಕವನ್ನೂ ನೋಡದೆ, ಇನ್ನೊಂದು ಹುಟ್ಟಿದ ದಿನ ಹೇಳಿದಳು. “ಮೊಲದ ಹೊತ್ತು, ತಾತ. ಆಗಷ್ಟೇ ಬೆಳಕು ಹರೀತಿತ್ತು.”

“ಇವನು ಯಾವ ವೀರ?” ಗೊತ್ತಿದ್ದೇ ಕೇಳಿದೆ.

“ಹೊಸಬ. ಇನ್ನೂ ಪುಸ್ತಕ ಬಂದಿಲ್ಲ.”

ನಾನು ಲೆಕ್ಕ ಬರೆಯುತ್ತಿದ್ದ ಕುಂಚ ಕೆಳಗಿಟ್ಟೆ. “ಯಾರಿಗೆ ಟೋಪಿ ಹಾಕ್ತೀಯ? ಪುಸ್ತಕದ ವೀರರು ಯಾರ ಹೊಟ್ಟೇಲೂ ಹುಟ್ಟಿದವರಲ್ಲ, ಅದಕ್ಕೇ ಅವರಿಗೆ ಹೊತ್ತಿಲ್ಲ. ಹೊತ್ತು ನೆನಪಿರೋದು ಹೆತ್ತವಳಿಗೆ.”

ಅವಳ ಮುಖ ಬಾಡಿತು, ಎಲ್ಲವನ್ನೂ ಹೇಳಿಬಿಟ್ಟಳು. ಕಾಲೇಜಿನ ಪ್ರವೇಶ ಪರೀಕ್ಷೆ ಕೈಕೊಟ್ಟಾಗಿನಿಂದ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಅಮ್ಮನ ಜೊತೆ ಒಂದು ಮಾತಿಲ್ಲ. ಹೊಸ್ತಿಲಲ್ಲಿ ತಟ್ಟೆ ಇಟ್ಟು ಇವಳು ಸರಿಯಬೇಕು. ಆಮೇಲೆ ಒಂದು ಕೈ ಬಂದು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

“ಅವನೂ ಮಂಜಿನ ಮನೆಯವನಾ ತಾತ? ಹೀಗೇ ಅಡಗಿಕೊಂಡೇ ಇದ್ದುಬಿಡ್ತಾನಾ?”

“ನಾನು ಹೇಳಲ್ಲ. ಅವನನ್ನೇ ಕೇಳು.”

“ಮಾತೇ ಆಡದವನನ್ನ?”

“ಉಣ್ಣು, ಓದು, ಸ್ನಾನ ಮಾಡು ಅಂದ್ರೆ ಯಾವ ಮಗ ಮಾತಾಡ್ತಾನೆ? ಈ ವೀರರ ವಿಷಯ ಹೇಳಿದ್ದೀನಲ್ಲ, ಬಾಗಿಲ ಹೊರಗೆ ನಿಂತು ಅದನ್ನೇ ಒದರು. ಹೋಗು, ನಿನ್ನ ಅನ್ನ ಆರ್ತಿದೆ.”

ಮಾರನೇ ದಿನ ನಾನು ಗುಡಾರದ ಹಗ್ಗ ಬಿಗಿಯುತ್ತಿದ್ದಾಗಲೇ ಓಡಿ ಬಂದಳು.

“ಕೊಕ್ಕರೆ ಅಂದೆ, ಸದ್ದಿಲ್ಲ. ಗಾಳಿಯಕ್ಕ ಅಂದೆ, ಸದ್ದಿಲ್ಲ. ಕೆಂಡಗಣ್ಣ ಮಂಜಿನ ಮನೆಯವನು ಅಂದೆ ನೋಡಿ, ಧಡಾರ್ ಅಂತ ಬಾಗಿಲು ತೆಗೆದ! ಕೂದಲು ಭುಜಕ್ಕೆ ಬಂದಿದೆ ತಾತ. ‘ಯಾವ ತಲೆಕೆಟ್ಟೋನು ನಿನಗೆ ಹೇಳಿದ್ದು?’ ಅಂದ.”

“ತಲೆಕೆಟ್ಟೋನಾ!”

“ಅಂದುಕೊಳ್ಳಲಿ ಬಿಡಿ, ಮಾತಾಡಿದನಲ್ಲ! ‘ಕೆಂಡಗಣ್ಣ ಅಡಗೋನಾ? ಸೋತ ಮಾರನೇ ದಿನವೇ ಬೀದಿಗೆ ಬಂದು ನಿಂತೋನು ಅವನು! ಒಂದು ದಿನಾನೂ ಬಾಗಿಲು ಹಾಕ್ಕೊಂಡು ಕೂತಿಲ್ಲ!’ ಅಂತ ಕೂಗಿದ. ಕೂಗಿದೋನು ಹಾಗೇ ಕೆಳಗೆ ನೋಡಿದ. ಕೈ ಇನ್ನೂ ಬಾಗಿಲ ಹಿಡಿಕೆ ಮೇಲೇ ಇತ್ತು.”

“ಆಮೇಲೆ? ಮತ್ತೆ ಹಾಕ್ಕೊಂಡನಾ?”

“ಹಾಕ್ಕೊಂಡ.” ಅವಳು ಹೆಬ್ಬೆರಳನ್ನೂ ತೋರುಬೆರಳನ್ನೂ ಎತ್ತಿ ನಡುವಿನ ಸಂದನ್ನು ತೋರಿಸಿದಳು. “ಇಷ್ಟು ಬಿಟ್ಟು.”

ಗಾಳಿ ಮತ್ತೆ ಗುಡಾರವನ್ನು ಬಡಿಯಿತು. ಅವಳು ಏಪ್ರನ್ನಿನೊಳಗಿಂದ ಇನ್ನೊಂದು ಪುಸ್ತಕ ತೆಗೆದು ನನ್ನ ಮುಂದಿಟ್ಟಳು.

“ಇವತ್ತು ಇವನನ್ನೂ ತಪ್ಪು ಮನೆಗೆ ಹಾಕಿಕೊಡಿ ತಾತ.”

ಜೀವಮಾನದಲ್ಲಿ ನನ್ನ ಲೆಕ್ಕ ತಪ್ಪು ಅಂದವರಿಗೆ ನಾನು ಎರಡನೇ ಸಲ ಜಾತಕ ನೋಡಿದ್ದಿಲ್ಲ. ಬೈದುಕೊಳ್ಳುತ್ತಲೇ ಕುಂಚ ಎತ್ತಿಕೊಂಡೆ. ಕೇಳಿದಿರಲ್ಲ, ಇನ್ನು ಈ ಕಥೆಯನ್ನು ಮುಂದಕ್ಕೆ ದಾಟಿಸಿ. ಹೊಸ್ತಿಲಲ್ಲಿ ತಟ್ಟೆ ಇಟ್ಟು ಸರಿದು ನಿಲ್ಲುವವರು ನಿಮ್ಮ ಕಡೆ ಯಾರಾದರೂ ಇದ್ದರೆ, ಮೊದಲು ಅವರಿಗೆ.