ಎರಡನೇ ಭಾಗದ ದೆವ್ವ

ಸುಮಿತ್ರ ಕರೆಗಂಟೆಗೆ ಕೈ ಎತ್ತುವಷ್ಟರಲ್ಲೇ ಬಾಗಿಲು ತೆರೆಯಿತು. ಅವಳ ಚೀಲದಲ್ಲಿದ್ದ ಹಸ್ತಪ್ರತಿಯಲ್ಲೂ ಹಾಗೆಯೇ ಇತ್ತು: ಲೇಖಕಿ ಗಂಟೆ ಒತ್ತುವ ಮೊದಲೇ ದೆವ್ವ ಬಾಗಿಲು ತೆರೆಯುತ್ತದೆ.

"ಕಿಟಕಿಯಿಂದ ನೋಡಿದೆ. ಬನ್ನಿ," ಎಂದು ಕುಸುಮಾವತಿ ಎಡಗಾಲನ್ನು ಎಳೆಯುತ್ತಾ ಒಳಗೆ ನಡೆದಳು.

ಮೂರು ವರ್ಷ ಕೊಚ್ಚಿಯ ಪಾಲಾರಿವಟ್ಟಂನ ಇದೇ ಮನೆಯ ಪಕ್ಕದಲ್ಲಿ ಸುಮಿತ್ರಳ ಸಂಸಾರವಿತ್ತು. ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಗಿ ಅಲ್ಲಿನ ಪಟ್ಟಂ ಬಡಾವಣೆಗೆ ಹೋದ ಮೇಲೆ, ಬೇಸರ ಕಳೆಯಲು ಒಂದು ವಾರಪತ್ರಿಕೆಗೆ ದೆವ್ವದ ಧಾರಾವಾಹಿ ಬರೆದಳು. ಅದರ ದೆವ್ವ ಎಡಗಾಲು ಎಳೆಯುತ್ತಿತ್ತು, ಪ್ರತಿ ಮಾತಿಗೂ ಮುಂಚೆ ಸೆರಗು ಸರಿಪಡಿಸಿಕೊಳ್ಳುತ್ತಿತ್ತು. ಕೊಚ್ಚಿಯ ಹನ್ನೊಂದು ಕನ್ನಡ ಮನೆಗಳಿಗೆ ಸೇರಿ ಪತ್ರಿಕೆ ಬರುತ್ತಿದ್ದದ್ದು ಒಂದೇ ಪ್ರತಿ. ಕೈಯಿಂದ ಕೈಗೆ ಹೋಗಿ ಎಲ್ಲರೂ ಓದಿದರು. ಆ ನವರಾತ್ರಿಯಲ್ಲಿ ಕುಸುಮಾವತಿಯನ್ನು ಅರಿಸಿನ ಕುಂಕುಮಕ್ಕೆ ಕರೆದವರು ಇಬ್ಬರೇ. ಮಕ್ಕಳು ಅವಳ ಹಿಂದೆ ಕಾಲೆಳೆಯುತ್ತಾ ಬರುತ್ತಿದ್ದರಂತೆ.

ಈಗ ಸಂಪಾದಕರು ಎರಡನೇ ಭಾಗ ಕೇಳಿದ್ದರು. ಇದರಲ್ಲಿ ದೆವ್ವ ಕಾಡುವುದು ತನ್ನನ್ನು ಬರೆದವಳನ್ನೇ. ಕೊನೆಗೆ ಲೇಖಕಿ ಕ್ಷಮೆ ಕೇಳಲು ಅದರ ಮನೆಗೆ ಹೋಗುತ್ತಾಳೆ. ಬರೆದು ಮುಗಿಸಿದ ಸುಮಿತ್ರ ಮರುದಿನವೇ ಬೆಳಗಿನ ರೈಲು ಹತ್ತಿದ್ದಳು. ಈಗ ಹಸ್ತಪ್ರತಿಯನ್ನು ಕುಸುಮಾವತಿಯ ಮುಂದಿಟ್ಟು, ಓದಿ ನೋಡಿ, ಬೇಡವೆಂದರೆ ಇಲ್ಲೇ ಹರಿದುಹಾಕುತ್ತೇನೆ ಎಂದಳು.

ಕುಸುಮಾವತಿ ಸೆರಗು ಸರಿಪಡಿಸಿಕೊಂಡಳು. "ನಮ್ಮ ಹುಡುಗಿ ಮಹತಿಗೆ ಕನ್ನಡ ಓದಕ್ಕೆ ಬರಲ್ಲ. ಮೊದಲನೇದನ್ನ ನಾನೇ ಓದಿ ಹೇಳ್ತಿದ್ದೆ, ಸುಮಿತ್ರ ಆಂಟಿ ಬರೆದಿದ್ದು ಅಂತ. ಆ ಕಾಲೆಳೆಯೋದನ್ನ ಮಾಡಿ ಬೇರೆ ತೋರಿಸ್ತಿದ್ದೆ. ಮೂರನೇ ವಾರ ಅವಳು ಮಲಯಾಳದಲ್ಲಿ, 'ಅಮ್ಮೇ, ಇದ್ ಅಮ್ಮಯಲ್ಲೇ' ಅಂದ್ಲು. ಇದು ನೀನೇ ಅಲ್ವಾ ಅಂತ. ಅಲ್ಲೀತನಕ ನನಗೆ ಗೊತ್ತೇ ಆಗಿರಲಿಲ್ಲ ಕಣ್ರೀ."

ಕುಸುಮಾವತಿ ಕಾಫಿ ತಂದಿಟ್ಟು, ಕನ್ನಡಕ ಹಾಕಿಕೊಂಡು ಓದತೊಡಗಿದಳು. ಕಥೆಯಲ್ಲೂ ದೆವ್ವ ಕಾಫಿ ಕೊಡುತ್ತಿತ್ತು. ಆಮೇಲೆ ಅದು ಹೇಳುವ ಮಾತು ಸುಮಿತ್ರಳಿಗೆ ಬಾಯಿಪಾಠವಾಗಿತ್ತು: 'ಹೋಗು, ನಿನ್ನನ್ನು ಕ್ಷಮಿಸಿದ್ದೇನೆ.' ಅದನ್ನು ಬರೆಯುವಾಗ ಅವಳು ಅತ್ತಿದ್ದಳು. ಅದೊಂದು ಮಾತಿಗಾಗಿಯೇ ಇಷ್ಟು ದೂರ ಬಂದಿದ್ದಳು.

ಕೊನೆಯ ಪುಟದಲ್ಲಿ ಕುಸುಮಾವತಿ ಓದು ನಿಲ್ಲಿಸಿದಳು. ಪೆನ್ನಿಗೆಂದು ಕೈ ಚಾಚಿದಳು. ಕ್ಷಮೆಯ ಆ ಸಾಲಿನ ಮೇಲೆ, ಬಟ್ಟೆಗೆ ಅಳತೆಯ ಗೀಟು ಹಾಕುವವಳಂತೆ, ನಿಧಾನವಾಗಿ ಗೆರೆ ಎಳೆದು ಹೊಡೆದುಹಾಕಿದಳು.

"ಇದು ನಾನು ಹೇಳಿದ್ದಲ್ಲ," ಎಂದು ಹಾಳೆಗಳನ್ನು ಜೋಡಿಸಿ ಮರಳಿ ಕೊಟ್ಟಳು. "ಉಳಿದಿದ್ದು ಸರಿಯಾಗಿದೆ. ಅಚ್ಚಿಗೆ ಕಳಿಸಿ."